ನೊರೆಕಂಬದ ಜಾಗ

ಸಮುದ್ರದ ನೀರು ಬಿಸಿಯಾಗಿ ಹವಳದ ದಿಬ್ಬಗಳು ಒಂದೊಂದಾಗಿ ಬೆಳ್ಳಗಾಗಿ ಸಾಯತೊಡಗಿದ ಮೇಲೆ, ಉಳಿದಷ್ಟು ಹವಳಗಳನ್ನು ಗದಗಿಗೆ ತಂದರು.

ಸುದ್ದಿ ಕೇಳಿದವರು ಮೊದಲು ನಕ್ಕರು. ಕಡಲು ನೋಡಬೇಕಾದರೆ ಗದಗಿನವರು ಘಟ್ಟ ಇಳಿದು ಹೋಗಬೇಕು. ಕಡಲೇ ಗದಗಿಗೆ ಬರುವುದೆಂದರೇನು? ಆದರೆ ಯೋಜನೆ ಮಾಡಿದವರ ಲೆಕ್ಕಾಚಾರ ಸರಿಯಾಗಿತ್ತು. ಕರಾವಳಿಯಲ್ಲಿ ಚಂಡಮಾರುತ ಬಂದಾಗಲೆಲ್ಲ ಕರೆಂಟು ಹೋಗುತ್ತಿತ್ತು, ಪಂಪು ನಿಲ್ಲುತ್ತಿತ್ತು, ತೊಟ್ಟಿಯಲ್ಲಿಟ್ಟ ಹವಳ ಬೆಳಗಾಗುವಷ್ಟರಲ್ಲಿ ಕೊಳೆಯುತ್ತಿತ್ತು. ಗದಗಿನಲ್ಲಾದರೆ ಕಪ್ಪತಗುಡ್ಡದ ಗಾಳಿಯಂತ್ರಗಳಿಂದ ಬರುವ ಕರೆಂಟಿಗೆ ತಡೆಯಿರಲಿಲ್ಲ. ಮುಚ್ಚಿಹೋಗಿದ್ದ ಒಂದು ಹತ್ತಿ ಗಿರಣಿಯ ದಪ್ಪ ಕಲ್ಲುಗೋಡೆಗಳು ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ಅಲ್ಲಿ ಎರಡು ದೊಡ್ಡ ಗಾಜಿನ ತೊಟ್ಟಿ ಕಟ್ಟಿದರು. ಕೊಳವೆಬಾವಿಯ ನೀರನ್ನು ಶುದ್ಧ ಮಾಡಿ, ಅದಕ್ಕೆ ಉಪ್ಪು ಸೇರಿಸಿ ಸಮುದ್ರದ ನೀರು ತಯಾರಿಸಿದರು.

ಆ ನೀರಿನ ಉಸ್ತುವಾರಿ ನೀಲಾಂಬಿಕಾ ಹಡಗಲಿಯದು. ಅವಳು ಅದಕ್ಕೂ ಮೊದಲು ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ಘಟಕಗಳನ್ನು ಕಟ್ಟಿ ನಿಲ್ಲಿಸಿದ ಎಂಜಿನಿಯರು. ನೀರೆಂದರೆ ಅವಳಿಗೆ ಅಂಗೈಯಷ್ಟು ಪರಿಚಯ. ಸಮುದ್ರವನ್ನು ಮಾತ್ರ ಅವಳು ನೋಡಿರಲಿಲ್ಲ.

ಹವಳ ಕೇಂದ್ರದ ನೆಲಮಾಳಿಗೆಯಲ್ಲಿ ಅವಳು ಕಟ್ಟಿದ ಸ್ಕಿಮ್ಮರ್ ಇತ್ತು. ಆಳೆತ್ತರವನ್ನೂ ಮೀರಿದ, ಆಚೆಯದು ಈಚೆಗೆ ಕಾಣುವಂಥ ಒಂದು ಕಂಬ. ಅದರ ಬುಡದಲ್ಲಿ ಗಾಳಿ ನುಗ್ಗಿ ಹಾಲಿನಂತೆ ಬೆಳ್ಳಗಿನ ಸಣ್ಣ ಗುಳ್ಳೆಗಳಾಗಿ ಮೇಲೇಳುತ್ತಿತ್ತು. ಮೀನಿನ ಹೇಲು, ಹವಳದ ಲೋಳೆ, ತಿಂದುಳಿದ ಆಹಾರ ಇವುಗಳಿಂದ ನೀರಿಗಿಳಿಯುವ ಪ್ರೋಟೀನುಗಳಿಗೆ ಒಂದು ಗುಣವಿದೆ: ಗುಳ್ಳೆ ಕಂಡರೆ ಅದರ ಮೈಗೆ ಅಂಟಿಕೊಳ್ಳುತ್ತವೆ. ಗುಳ್ಳೆಯ ಜೊತೆ ಮೇಲೇರಿ, ಕಂಬದ ಕುತ್ತಿಗೆಯಲ್ಲಿ ಕಂದು ನೊರೆಯಾಗಿ, ತಲೆಯ ಮೇಲಿನ ಬಟ್ಟಲಿಗೆ ಉಕ್ಕಿ ಬೀಳುತ್ತವೆ. ಅಲ್ಲಿಂದ ಮೋರಿಗೆ. ಕೇಂದ್ರದವರೆಲ್ಲ ಅದನ್ನು ನೊರೆಕಂಬ ಎನ್ನುತ್ತಿದ್ದರು.

ಅತ್ತೆ ಶಿವಗಂಗವ್ವನಿಗೆ ಇದನ್ನು ಅರ್ಥಮಾಡಿಸಲು ನೀಲಾ ಅಡುಗೆಮನೆಯಲ್ಲೇ ಉದಾಹರಣೆ ಹುಡುಕಿದ್ದಳು. ಶಿವಗಂಗವ್ವ ಕನ್ನಡ ಶಾಲೆಯ ನಿವೃತ್ತ ಶಿಕ್ಷಕಿ. ಅರ್ಥವಾಗದ ಯಾವುದನ್ನೂ ಸುಮ್ಮನೆ ಬಿಡುವವಳಲ್ಲ.

"ನೀವು ಬೆಲ್ಲ ಕುದಿಸೂವಾಗ ಮ್ಯಾಲೆ ಹೊಲಸ ನೊರಿ ಬರ್ತದಲ್ಲ ಅತ್ತಿ, ಸೌಟಿನ್ಯಾಗ ತಗದ ಚೆಲ್ತೀರಲ್ಲ, ಅದ ಕೆಲಸ ಅದು."

"ತಗೀದಿದ್ರ?"

"ಕೊಳಿತದ. ನೀರು ವಿಷ ಆಗ್ತದ. ಮೀನಿಗೆ ಉಸಿರಾಡಾಕ ಗಾಳಿ ಸಾಲೂದಿಲ್ಲ."

"ಹಂಗಾರ ಅದನ್ನ ಎಲ್ಲಿ ಇಟ್ಟೀ?"

"ತೊಟ್ಟಿ ನೀರು ತುಳುಕಿ ಕೆಳಗ ಬರ್ತದಲ್ಲ, ಬಂದ ಕೂಡ್ಲೆ ಮೊದಲ ಖೋಲಿಯೊಳಗ. ಕೊಳ್ಯೂದಕ್ಕಿಂತ ಮೊದಲ ಹಿಡೀಬೇಕು."

ಶಿವಗಂಗವ್ವ ತಲೆಯಾಡಿಸಿದಳು. ಆಮೇಲೆ ಪ್ರತಿ ಸೋಮವಾರ ತಪ್ಪದೆ ಕೇಂದ್ರಕ್ಕೆ ಬಂದು, ಜನರಿಗೆಂದು ಬಿಟ್ಟಿದ್ದ ಗಾಜಿನ ಮುಂದೆ ಕೂರುವುದನ್ನು ರೂಢಿ ಮಾಡಿಕೊಂಡಳು. ಊರಿನ ಬಹಳ ಮಂದಿ ಹಾಗೆ ಬರುತ್ತಿದ್ದರು. ಶಾಲೆಯ ಮಕ್ಕಳು ಬಂದು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು.

ಕೇಂದ್ರದ ಮುಖ್ಯಸ್ಥರು ಕಾರವಾರದ ದಿಗಂಬರ ತಾಂಡೇಲ. ಅರವತ್ತು ದಾಟಿದ ಜೀವವಿಜ್ಞಾನಿ. ಭಟ್ಕಳದಾಚೆ ಕಡಲಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ವರ್ಷಗಟ್ಟಲೆ ಮುಳುಗಿ ಎದ್ದವರು. ಅಲ್ಲಿನ ಹವಳ ಪೂರ್ತಿ ಸತ್ತಿತೆಂದು ಎಲ್ಲರೂ ಕೈಬಿಡುವ ಮುಂಚೆ ಎರಡು ಕೊಂಬುಹವಳದ ಪೊದೆಗಳನ್ನು ಎಬ್ಬಿಸಿ ತಂದವರೂ ಅವರೇ. ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳ ಅದು. ಎರಡನೇ ತೊಟ್ಟಿಯಲ್ಲಿ ಲಕ್ಷದ್ವೀಪದ ಕೊಂಬುಹವಳಗಳ ಪಕ್ಕದಲ್ಲಿ ಅವನ್ನು ಇಟ್ಟಿದ್ದರು. ಒಂದನೇ ತೊಟ್ಟಿಯಲ್ಲಿ ಮೀನುಗಳು ಮತ್ತು ತೊಗಲಿನಂತೆ ಮೆತ್ತಗಿರುವ ಬೇರೆ ಜಾತಿಯ ಹವಳಗಳು. ಎರಡೂ ತೊಟ್ಟಿಯ ನೀರು ಕೆಳಗಿಳಿದು ಒಂದಾಗಿ, ನೊರೆಕಂಬದಲ್ಲಿ ತೊಳೆದುಕೊಂಡು, ಪಂಪಿನಿಂದ ಮತ್ತೆ ಮೇಲೆ ಹೋಗುತ್ತಿತ್ತು.

ಹವಳಗಳು ಬದುಕಿದವು, ಬೆಳೆದವು. ಮರಿ ಮಾತ್ರ ಹಾಕಲಿಲ್ಲ.

ಕೊಂಬು ಮುರಿದು ನೆಟ್ಟರೆ ಹವಳ ಬೆಳೆಯುತ್ತದೆ, ನಿಜ. ಆದರೆ ಅದು ಅದೇ ಹವಳ. ತಾಯಿಯನ್ನು ಕೊಂದ ಬಿಸಿ ಅದನ್ನೂ ಕೊಲ್ಲುತ್ತದೆ. ಬಿಸಿ ತಾಳುವ ಹೊಸ ತಳಿ ಬರಬೇಕಾದರೆ ಬೇರೆಬೇರೆ ಹವಳಗಳ ತತ್ತಿ, ಬೀಜ ನೀರಿನಲ್ಲಿ ಕೂಡಬೇಕು. ವರ್ಷಕ್ಕೊಂದು ಹಂಗಾಮಿನಲ್ಲಿ, ಹುಣ್ಣಿಮೆ ಕಳೆದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಎಲ್ಲ ಹವಳಗಳೂ ಒಟ್ಟಿಗೇ ತತ್ತಿಯ ಉಂಡೆಗಳನ್ನು ಬಿಡುತ್ತವೆ. ತಾಂಡೇಲರು ಹರೆಯದಲ್ಲಿ ಒಮ್ಮೆ ಅದನ್ನು ನೋಡಿದ್ದರು.

"ಗುಲಾಬಿ ಬಣ್ಣದ ಸಾಬುದಾಣಿಯನ್ನು ಯಾರೋ ಕೆಳಗಿನಿಂದ ಮೇಲಕ್ಕೆ ಸುರಿದ ಹಾಗೆ," ಎಂದು ನೀಲಾಗೆ ಹೇಳಿದ್ದರು. "ನಾನು ಬಾಯಿಯಲ್ಲಿದ್ದ ಉಸಿರಾಟದ ನಳಿಗೆ ಕಚ್ಚಿಕೊಂಡು ಹಾಗೇ ತೇಲ್ತಾ ಇದ್ದೆ. ಮೇಲೆ ಬರಬೇಕು ಅನ್ನೋದೇ ಮರೆತುಹೋಗಿತ್ತು."

ಗದಗಿನಲ್ಲಿ ಅದಕ್ಕೆ ಬೇಕಾದ್ದನ್ನೆಲ್ಲ ಒದಗಿಸಿದ್ದರು. ಚಾವಣಿಯ ದೀಪವೊಂದು ಚಂದ್ರನಂತೆ ಬೆಳೆಯುತ್ತಿತ್ತು, ಕ್ಷೀಣಿಸುತ್ತಿತ್ತು. ನೀರಿನ ಬಿಸಿ ನೇತ್ರಾಣಿಯ ಹಿಂದಿನ ಕಾಲದ ಋತುಗಳಂತೆಯೇ ಏರಿಳಿಯುತ್ತಿತ್ತು. ಹಂಗಾಮಿನಲ್ಲಿ ಕೊಂಬು ಮುರಿದು ನೋಡಿದರೆ ಒಳಗೆ ತತ್ತಿ ಬಲಿತು ಗುಲಾಬಿಯಾಗಿರುತ್ತಿತ್ತು. ಆದರೆ ಹುಣ್ಣಿಮೆ ಕಳೆದು ವಾರವಾದರೂ ಹವಳ ಅದನ್ನು ಹೊರಗೆ ಬಿಡದೆ, ತನ್ನ ಮೈಯೊಳಗೇ ಕರಗಿಸಿಕೊಳ್ಳುತ್ತಿತ್ತು. ಪ್ರತಿ ವರ್ಷ ಹೀಗೇ. ತಾಂಡೇಲರು ದೀಪ ಬದಲಾಯಿಸಿ ನೋಡಿದರು, ಆಹಾರ ಬದಲಾಯಿಸಿ ನೋಡಿದರು.

ಒಂದು ಮಾರ್ಚ್ ತಿಂಗಳಲ್ಲಿ, ದೀಪದ ಹುಣ್ಣಿಮೆ ಕಳೆದ ಮೇಲಿನ ಒಂದು ಸಂಜೆ, ನೊರೆಕಂಬಕ್ಕೆ ಗಾಳಿ ಎಳೆಯುವ ಕೊಳವೆಯಲ್ಲಿ ಉಪ್ಪು ಹೆಪ್ಪುಗಟ್ಟಿತು. ಇದು ಆಗಾಗ ಆಗುವುದೇ. ಬಿಸಿನೀರು ಬಿಟ್ಟರೆ ಸರಿಹೋಗುತ್ತದೆ. ಅಂದು ಮಧ್ಯಾಹ್ನದಿಂದ ನೀಲಾ ಹೊರಗಿನ ಪಂಪೊಂದರ ರಿಪೇರಿಯಲ್ಲಿದ್ದಳು, ಕಂಬ ನೊರೆ ಬಿಡದೆ ನಿಂತಿದ್ದು ಗೊತ್ತಾಗಲಿಲ್ಲ. ಸಂಜೆ ಎರಡನೇ ತೊಟ್ಟಿಯ ಪಕ್ಕದಲ್ಲಿ ಹಾದು ಹೋಗುವಾಗ ನೇತ್ರಾಣಿಯ ಹವಳ ಬೇರೆಯಾಗಿ ಕಂಡಿತು. ಬಗ್ಗಿ ನೋಡಿದಳು. ಕೊಂಬಿನ ಮೇಲಿನ ಒಂದೊಂದು ಸಣ್ಣ ಬಾಯಿಯಲ್ಲೂ ಒಂದೊಂದು ಗುಲಾಬಿ ಚುಕ್ಕೆ ಕೂತಿತ್ತು.

ಏನೋ ರೋಗ ಬಂತೆಂದು ಅವಳಿಗೆ ಗಾಬರಿಯಾಯಿತು. ನೆಲಮಾಳಿಗೆಗೆ ಇಳಿದಳು, ಕಂಬ ನಿಂತಿರುವುದು ಕಂಡಳು, ಬಿಸಿನೀರು ಬಿಟ್ಟು ಕೊಳವೆ ಬಿಡಿಸಿದಳು. ಕಂಬ ಬೆಳ್ಳಗೆ ಉಕ್ಕಿತು. ಸಮಾಧಾನವಾಗಿ ಮೇಲೆ ಬಂದು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಚುಕ್ಕೆಗಳು ಒಂದೊಂದಾಗಿ ಒಳಕ್ಕೆ ಸರಿದವು. ಬಾಯಿಗಳು ಮುಚ್ಚಿಕೊಂಡವು.

ತಾಂಡೇಲರು ಅಂದು ಸಂಬಂಧಿಕರ ಮದುವೆಗೆಂದು ಕಾರವಾರಕ್ಕೆ ಹೋಗಿದ್ದರು. ನೀಲಾ ಫೋನಿನಲ್ಲಿ ಹೇಳಿದಾಗ ಆ ಕಡೆ ವಾಲಗದ ಸದ್ದು ಮಾತ್ರ ಕೇಳುತ್ತಿತ್ತು.

"ಸರ್, ಕೇಳಿಸ್ತದೇನು?"

"ಕೇಳ್ತಾ ಇದೆ. ಅದು ರೋಗ ಅಲ್ಲ ನೀಲಾ, ತತ್ತಿ. ಬಿಡೋದಕ್ಕೆ ತಯಾರಾಗಿ ಬಾಯಿಗೆ ತಂದುಕೊಂಡಿತ್ತು. ನೀನು ಏನು ಮಾಡಿದೆ?"

"ಏನೂ ಮಾಡಿಲ್ರಿ. ಕಂಬ ನಿಂತಿತ್ತು, ಚಾಲೂ ಮಾಡಿದೆ."

ಅವರು ಊಟಕ್ಕೂ ನಿಲ್ಲದೆ ಹೊರಟು ಬಂದರು.

ಮರುದಿನದಿಂದ ಇಬ್ಬರೂ ಪ್ರಯೋಗಾಲಯದಲ್ಲಿ ಕೂತರು. ಬಟ್ಟಲಿನ ಹೊಲಸು ನೊರೆಯನ್ನು ಸೋಸಿ, ಅದರಲ್ಲಿರುವ ಒಂದೊಂದೇ ವಸ್ತುವನ್ನು ಬೇರೆ ಮಾಡಿದರು. ಗಾಜಿನ ಬೋಗುಣಿಗಳಲ್ಲಿ ಹವಳದ ಸಣ್ಣ ತುಂಡುಗಳನ್ನಿಟ್ಟು, ಒಂದೊಂದು ಬೋಗುಣಿಗೆ ಒಂದೊಂದರ ಹನಿ ಬಿಟ್ಟರು. ಹೆಚ್ಚಿನವುಗಳಲ್ಲಿ ಏನೂ ಆಗಲಿಲ್ಲ. ಒಂದರಲ್ಲಿ ಮಾತ್ರ ಗುಲಾಬಿ ಚುಕ್ಕೆಗಳು ಬಾಯಿಗೆ ಬಂದವು. ಅದೊಂದು ಎಣ್ಣೆ ಅಂಶ ಹತ್ತಿದ ಪ್ರೋಟೀನು. ತತ್ತಿ ಬಲಿತ ಹವಳ ಅದನ್ನು ನೀರಿಗೆ ಬಿಡುತ್ತದೆ, ಅದು ತೇಲಿ ಮೇಲ್ಮೈಗೆ ಹೋಗಿ ಹರಡುತ್ತದೆ, ಪಕ್ಕದ ಹವಳಗಳಿಗೆ ತಾಕುತ್ತದೆ. ಅವೂ ಬಿಡುತ್ತವೆ. ನೀರಿನಲ್ಲಿ ಅದು ಸಾಕಷ್ಟು ಆದಾಗ ಎಲ್ಲವೂ ಒಟ್ಟಿಗೆ ತತ್ತಿ ಬಿಡುತ್ತವೆ. ತಾಂಡೇಲರು ಅದಕ್ಕೆ 'ಕರೆ' ಎಂದು ಹೆಸರಿಟ್ಟರು.

ಕರೆ ತೇಲುತ್ತದೆ; ತೊಟ್ಟಿಯಿಂದ ತುಳುಕುವುದು ಮೇಲ್ಮೈಯ ನೀರು. ಕರೆ ಗುಳ್ಳೆಗೆ ಅಂಟುತ್ತದೆ. ತುಳುಕಿದ ನೀರು ಮೊದಲು ಹೋಗುವುದೇ ನೊರೆಕಂಬಕ್ಕೆ.

"ಇಷ್ಟು ವರ್ಷ ಅವು ಕರೀತಾನೇ ಇದ್ದವು," ಎಂದರು ತಾಂಡೇಲರು. "ನಾವು ಅದನ್ನು ಬಟ್ಟಲಲ್ಲಿ ಹಿಡಿದು ಮೋರಿಗೆ ಸುರೀತಾ ಇದ್ದೆವು."

ಕಂಬ ಚೆನ್ನಾಗಿ ಕೆಲಸ ಮಾಡುತ್ತದೆಂದು ನೀಲಾಗೆ ಹೆಮ್ಮೆಯಿತ್ತು. ಅದು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದೇ ತೊಂದರೆಯಾಗಿತ್ತು.

ಆ ಸಲದ ಹಂಗಾಮಿನಲ್ಲಿ ಇನ್ನೊಂದು ಹುಣ್ಣಿಮೆ ಉಳಿದಿತ್ತು. ಅಷ್ಟು ದಿನ ಕಂಬವನ್ನು ನಿಲ್ಲಿಸಿಬಿಡೋಣ ಎಂದರು ತಾಂಡೇಲರು. ಮೀನುಗಳಿಗೆ ಆಹಾರ ಕಡಿಮೆ ಮಾಡಿದರೆ ಕೊಳೆಯೂ ಕಡಿಮೆಯಾಗುತ್ತದೆ, ಕೆಲವು ದಿನ ತಡೆದೀತು ಎಂಬುದು ಅವರ ಅಂದಾಜು. ನೀಲಾ ಒಪ್ಪಿದಳು.

ಮನೆಯಲ್ಲಿ ಶಿವಗಂಗವ್ವ ಒಪ್ಪಲಿಲ್ಲ. "ನಡಿಯೋದನ್ನ ಯಾಕ ನಿಲ್ಲಸ್ತೀರಿ? ಮರಿ ಹಾಕಲಿಲ್ಲಂದ್ರ ಹಾಕಲಿಲ್ಲ. ಜೀವಂತ ಅದಾವಲ್ಲ."

"ಹಿಂಗ ಎಷ್ಟ ದಿನ ಇಡೂದು ಅತ್ತಿ? ಮುದಿ ಆಗ್ತಾವ ಅವೂ."

"ಮುದಿ ಆದವರನ್ನ ನೋಡಾಕ ನಾ ಬರ್ತೀನಲ್ಲ, ಇರ್ಲಿ ಬಿಡು," ಎಂದಳು ಶಿವಗಂಗವ್ವ.

ನೀಲಾಳ ಗಂಡ ಗುರುಶಾಂತ ನಕ್ಕ. ಅವನದು ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸು. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹುಣ್ಣಿಮೆಯ ಚೌಕಕ್ಕೆ ಅವನೇ ಒಂದು ಮೀನಿನ ಚಿತ್ರ ಬಿಡಿಸಿದ್ದ. ಹೆಂಡತಿಯ ಕೆಲಸದ ಬಗ್ಗೆ ಅವನಿಗೆ ಹೆಚ್ಚು ಗೊತ್ತಿರಲಿಲ್ಲ, ಆದರೆ ಅವಳು ಸರಿಯಾಗಿ ಊಟ ಮಾಡದೆ ಯೋಚಿಸುತ್ತ ಕೂರುವ ದಿನಗಳು ಅವನಿಗೆ ಗೊತ್ತಾಗುತ್ತಿದ್ದವು.

ಕಂಬ ನಿಲ್ಲಿಸಿದ ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ನೀರಿಗೆ ಚಹದ ಬಣ್ಣ ಬಂತು. ಮೂರನೇ ಬೆಳಿಗ್ಗೆ ನೀಲಾ ಬಂದಾಗ ನೇತ್ರಾಣಿಯ ದೊಡ್ಡ ಪೊದೆಯ ಬುಡ ಬೆಳ್ಳಗಾಗಿತ್ತು. ಅವಳು ನೋಡುತ್ತಿದ್ದ ಹಾಗೇ ಅದರ ಮೈಯ ತೆಳು ಪದರ ಕೊಂಬಿನಿಂದ ಬಿಟ್ಟು, ನೆನೆದ ಕಾಗದದಂತೆ ಹರಿದು ತೇಲಿತು. ಓಡಿಹೋಗಿ ಕಂಬ ಚಾಲೂ ಮಾಡಿದಳು. ಕಪ್ಪಗೆ, ಮೂಗು ಮುಚ್ಚಿಕೊಳ್ಳುವಂಥ ನೊರೆ ಉಕ್ಕಿ ನೆಲದ ಮೇಲೆಲ್ಲ ಚೆಲ್ಲಿತು. ಸಂಜೆಯೊಳಗೆ ಆ ಪೊದೆ ಸತ್ತಿತು. ಚಿಕ್ಕದು ಉಳಿಯಿತು. ಲಕ್ಷದ್ವೀಪದವುಗಳ ತುದಿಗಳು ಸುಟ್ಟಂತಾಗಿದ್ದವು.

ಕೊಂದದ್ದು ಕೊಳೆಯಲ್ಲ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಒಂದನೇ ತೊಟ್ಟಿಯ ತೊಗಲು ಹವಳಗಳು ನೆರೆಯವರು ತಮ್ಮ ಜಾಗಕ್ಕೆ ಬರದಂತೆ ನೀರಿಗೆ ವಿಷ ಬಿಡುತ್ತವೆ. ವಿಶಾಲವಾದ ಸಮುದ್ರದಲ್ಲಿ ಅದು ತೆಳುವಾಗಿ ಹೋಗುತ್ತದೆ. ಇಲ್ಲಿ ಅದನ್ನೂ ಇಷ್ಟು ವರ್ಷ ನೊರೆಕಂಬವೇ ಹಿಡಿದು ಹೊರಗೆ ಹಾಕುತ್ತಿತ್ತು.

ತಾಂಡೇಲರು ಸತ್ತ ಪೊದೆಯನ್ನು ತಾವೇ ನೀರಿನಿಂದ ಎತ್ತಿದರು. ಬೇರೆಯವರ ಕೈಗೆ ಕೊಡಲಿಲ್ಲ. ಬಿಸಿಲಿನಲ್ಲಿ ಒಣಗಲು ಇಟ್ಟು, ಕೈ ತೊಳೆದುಕೊಂಡು, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಜನರಿಗೆ ಕೆಲವು ವಾರ ಪ್ರವೇಶ ನಿಲ್ಲಿಸಿದರು. ಊರಿನಲ್ಲಿ ಹಲವು ಮಾತು ಹುಟ್ಟಿದವು. ಮನೆಗೆ ಬಂದ ನೀಲಾ ಬಟ್ಟೆ ಬದಲಿಸದೆ ಹಿತ್ತಲ ಕಟ್ಟೆಯ ಮೇಲೆ ಕೂತಳು. ಅತ್ತೆ ಬೈಯುತ್ತಾಳೆಂದು ಅವಳು ಕಾದಿದ್ದಳು.

"ಯಾವದು ಹೋತು?" ಎಂದಷ್ಟೇ ಕೇಳಿದಳು ಶಿವಗಂಗವ್ವ.

"ಬಲಗಡೆದು. ದೊಡ್ಡದು."

ಶಿವಗಂಗವ್ವ ಪಕ್ಕದಲ್ಲಿ ಕೂತಳು. ತುಸು ಹೊತ್ತಿನ ಮೇಲೆ, "ಸಣ್ಣದರ ತುದಿಗೆ ಒಂದು ನೀಲಿ ಮೀನು ಬಂದು ಕುಂದರ್ತಿತ್ತಲ್ಲ, ಅದು ಐತಿ?" ಎಂದಳು.

"ಐತ್ರಿ."

"ಹಂಗಾರ ಏಳು. ಉಣ್ಣು."

ಕಂಬ ಇದ್ದರೆ ಕರೆ ಹೋಗುತ್ತದೆ. ಇಲ್ಲದಿದ್ದರೆ ವಿಷ ಉಳಿಯುತ್ತದೆ. ತಾಂಡೇಲರು ಬಹಳ ದಿನ ಈ ಎರಡರ ನಡುವೆಯೇ ತಿರುಗಿದರು. ತೊಗಲು ಹವಳಗಳನ್ನು ಬೇರೆಡೆ ಕಳಿಸೋಣವೆಂದರೆ ಅವಕ್ಕೂ ಇದೊಂದೇ ಮನೆ. ನೊರೆಯಿಂದ ತೆಗೆದ ಕರೆಯನ್ನು ನಾವೇ ತೊಟ್ಟಿಗೆ ಹನಿಸೋಣವೆಂದರೆ, ಬೋಗುಣಿಗಳಲ್ಲಿ ಕಂಡಿದ್ದಂತೆ ತತ್ತಿ ಬಾಯಿಯವರೆಗೆ ಬರುತ್ತಿತ್ತು, ಬಿಡುಗಡೆಯಾಗುತ್ತಿರಲಿಲ್ಲ. ಒಂದರ ಕರೆಗೆ ಇನ್ನೊಂದು ಓಗೊಟ್ಟು ಮೆಲ್ಲಗೆ ಏರಬೇಕು, ಸುರಿದರೆ ಆಗದು.

ನೀಲಾ ಪ್ರತಿದಿನ ಪೈಪುಗಳ ಜೊತೆ ನಡೆಯುತ್ತಿದ್ದಳು. ಎರಡನೇ ತೊಟ್ಟಿಯಿಂದ ಕೆಳಕ್ಕೆ, ಕೆಳಗಿನಿಂದ ಪಂಪಿಗೆ, ಪಂಪಿನಿಂದ ಮೇಲಕ್ಕೆ. ತನ್ನನ್ನೇ ಒಂದು ಹನಿ ನೀರೆಂದುಕೊಂಡು ದಾರಿ ಹಿಡಿಯುವುದು ಅವಳ ಹಳೆಯ ಅಭ್ಯಾಸ. ಹಳ್ಳಿಯ ಘಟಕಗಳಲ್ಲೂ ಹಾಗೇ ದೋಷ ಹುಡುಕುತ್ತಿದ್ದಳು. ಒಂದು ದಿನ ಹಾಗೆ ನಡೆಯುತ್ತ, ಎರಡು ತೊಟ್ಟಿಯ ನೀರು ಕೂಡುವ ಜಾಗದಲ್ಲಿ ನಿಂತಳು. ಇಲ್ಲಿ ಇವು ಕೂಡುವುದೇ ಯಾಕೆ?

ಸೀಮೆಸುಣ್ಣ ತಂದು ನೆಲದ ಮೇಲೆ ಗೆರೆ ಎಳೆದಳು. ತಾಂಡೇಲರನ್ನು ಕರೆದಳು.

"ಸರ್, ಕಂಬ ಇರಬೇಕೋ ಬ್ಯಾಡೋ ಅಂತ ನಾವು ಜಗಳಾಡ್ತೀವಿ. ಎಲ್ಲಿ ಇರಬೇಕು ಅಂತ ಕೇಳೇ ಇಲ್ಲ."

ಅವಳು ತೋರಿಸಿದ್ದು ಇದು: ತೊಗಲು ಹವಳದ ತೊಟ್ಟಿಯಿಂದ ತುಳುಕಿದ ನೀರು ಮಾತ್ರ ನೊರೆಕಂಬಕ್ಕೆ ಬರಲಿ. ಅಲ್ಲಿ ವಿಷ ಕಳೆದುಕೊಂಡ ನೀರು ಕೊಂಬುಹವಳದ ತೊಟ್ಟಿಗೆ ಹೋಗಲಿ. ಆ ತೊಟ್ಟಿಯಿಂದ ನೀರು ಮತ್ತೆ ಒಂದನೆಯದಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ಅಲ್ಲಿನ ಕೊಳೆ ಉಳಿಯುತ್ತದೆ. ಆದರೆ ಅದು ಮೇಲಿನಿಂದ ತುಳುಕಿ ಹೋಗುವುದು ಬೇಡ. ತಳದ ಪೈಪಿನಿಂದ ಹೋಗಲಿ. ಕೊಳೆ ತಳಕ್ಕಿಳಿಯುತ್ತದೆ, ಹೊರಟುಹೋಗುತ್ತದೆ. ಕರೆ ಮೇಲೆ ತೇಲುತ್ತದೆ, ಅಲ್ಲೇ ಉಳಿಯುತ್ತದೆ. ಅಂದರೆ ಕಂಬ ಎರಡು ತೊಟ್ಟಿಗಳ ನಡುವೆ ನಿಲ್ಲಬೇಕು.

ತಾಂಡೇಲರು ಗೆರೆಗಳ ಸುತ್ತ ನಡೆದು ನೋಡಿದರು. "ಮೇಲ್ಮೈ ತುಳುಕದಿದ್ದರೆ ಅದರ ಮೇಲೆ ಎಣ್ಣೆಯ ಪೊರೆ ಕಟ್ಟುತ್ತೆ. ಗಾಳಿ ನೀರಿಗೆ ಇಳಿಯೋದಿಲ್ಲ. ಉಸಿರು ಕಟ್ಟಿ ಸಾಯ್ತವೆ."

"ಗೊತ್ತೈತ್ರಿ. ಅದಕ್ಕ ಅಲಿ ಎಬ್ಬಿಸೋ ಫ್ಯಾನ್ ಹಾಕ್ತೀನಿ. ಆದ್ರೂ ಆಮ್ಲಜನಕ ಇಳೀತದ. ಎಷ್ಟು ಇಳೀತದ ಅಂತ ಹೇಳಾಕ ಆಗೂದಿಲ್ಲ."

"ಉಳಿದಿರೋದು ಒಂದೇ ಪೊದೆ ನೀಲಾ."

"ಹೌದ್ರಿ."

ಅವರು ಗೆರೆಗಳನ್ನು ಇನ್ನೊಂದು ಸುತ್ತು ನಡೆದು ನೋಡಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಅವಳ ಕೈಯ ಸೀಮೆಸುಣ್ಣ ತೆಗೆದುಕೊಂಡು, ಒಂದು ಪೈಪಿನ ಗೆರೆಯನ್ನು ತಿದ್ದಿದರು. "ತಳದ ಪೈಪಿಗೆ ಜಾಲರಿ ಬೇಕು. ತತ್ತಿ ಬಿಟ್ಟರೆ ಮರಿಗಳು ಒಳಗೆ ಹೋಗಬಾರದಲ್ಲ."

ಪೈಪು ಬದಲಿಸಿ, ಕಂಬವನ್ನು ಬಿಚ್ಚಿ ಹೊಸ ಜಾಗದಲ್ಲಿ ನಿಲ್ಲಿಸುವುದಕ್ಕೆ ಮಳೆಗಾಲ, ಚಳಿಗಾಲ ಎರಡೂ ಹಿಡಿದವು. ಮತ್ತೆ ಮಾರ್ಚ್ ಬಂತು. ಕೊಂಬು ಮುರಿದು ನೋಡಿದರು, ತತ್ತಿ ಗುಲಾಬಿಯಾಗಿತ್ತು. ಚಾವಣಿಯ ಚಂದ್ರ ತುಂಬಿಕೊಂಡ. ಆಮ್ಲಜನಕ ಇಂತಿಷ್ಟಕ್ಕಿಂತ ಇಳಿದರೆ ಮೇಲ್ಮೈಯ ನೀರನ್ನು ಕಂಬಕ್ಕೆ ಬಿಡುವ ಕವಾಟ ತೆರೆಯಬೇಕೆಂದು ಇಬ್ಬರೂ ಮೊದಲೇ ಮಾತಾಡಿಕೊಂಡು, ಮೀಟರಿನ ಮೇಲೆ ಕೆಂಪು ಗೆರೆ ಹಾಕಿದರು.

ಹುಣ್ಣಿಮೆ ಕಳೆಯಿತು. ಮೊದಲ ಸಂಜೆ ಏನೂ ಇಲ್ಲ. ಮರುದಿನವೂ ಇಲ್ಲ. ಅದರ ಮಾರನೆಯ ದಿನ ಸೋಮವಾರ. ಶಿವಗಂಗವ್ವ ಎಂದಿನಂತೆ ಬಂದಳು. ಆ ವಾರ ಜನರನ್ನು ಬಿಡುತ್ತಿಲ್ಲವೆಂದು ಕಾವಲಿನವನು ಹೇಳಿದಾಗ, "ನಾ ಜನ ಅಲ್ಲ, ಅತ್ತಿ," ಎಂದು ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು.

ಸಂಜೆಯ ದೀಪಗಳು ಮಂಕಾಗುತ್ತಿದ್ದ ಹಾಗೆ ಮೀಟರಿನ ಸಂಖ್ಯೆ ಇಳಿಯತೊಡಗಿತು. ನೀಲಾ ಕವಾಟದ ಮೇಲೆ ಕೈಯಿಟ್ಟು ನಿಂತಿದ್ದಳು. ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ ಹೊಳೆಯುತ್ತಿತ್ತು. ಫ್ಯಾನು ಅದನ್ನು ಒಡೆಯುತ್ತಿತ್ತು, ಅದು ಮತ್ತೆ ಕೂಡುತ್ತಿತ್ತು. ಸಂಖ್ಯೆ ಕೆಂಪು ಗೆರೆಯ ಹತ್ತಿರ ಬಂತು.

"ತೆರೆದುಬಿಡು," ಎಂದರು ತಾಂಡೇಲರು.

"ಗೆರಿ ದಾಟಿಲ್ಲರಿ."

"ದಾಟೋವರೆಗೆ ಕಾಯಬೇಡ. ಹೋದ ವರ್ಷ ಕಾದು ಏನಾಯ್ತು ನೋಡಿದೆಯಲ್ಲ."

ನೀಲಾ ಕವಾಟ ತಿರುಗಿಸಲಿಲ್ಲ. ತೆರೆದರೆ ಕರೆ ಹೋಗುತ್ತದೆ, ಇನ್ನೊಂದು ವರ್ಷ ಕಾಯಬೇಕು. ತೆರೆಯದಿದ್ದರೆ, ಗೆರೆ ತಪ್ಪಾಗಿದ್ದರೆ, ಇನ್ನೊಂದು ವರ್ಷವೇ ಇಲ್ಲ. ಆ ಗೆರೆಯನ್ನು ಇಬ್ಬರೂ ಸೇರಿ ಹಾಕಿದ್ದರು, ಮನಸ್ಸು ಶಾಂತವಾಗಿದ್ದಾಗ, ಹತ್ತು ಸಲ ಯೋಚಿಸಿ. ಹೆದರಿಕೆಯಾದಾಗ ಅದನ್ನು ಬದಲಿಸಬಾರದೆಂದೇ ಹಾಕಿದ್ದು. ಹಾಗೇ ನಿಂತಳು. ಸಂಖ್ಯೆ ಗೆರೆಯ ಮೇಲೆ ಬಂದು, ಅಲ್ಲಿಯೇ ಹೊಯ್ದಾಡಿತು.

"ನೀಲಾ," ಗಾಜಿನ ಮುಂದಿನಿಂದ ಶಿವಗಂಗವ್ವ ಕರೆದಳು, "ಇದಕ್ಕ ಮೊಡವಿ ಎದ್ದಾವ ನೋಡ ಬಾ."

ತಾಂಡೇಲರು ಓಡಿದರು. ನೀಲಾ ಕವಾಟ ಬಿಟ್ಟು ಹೋಗುವಂತಿರಲಿಲ್ಲ. ನಿಂತಲ್ಲಿಂದಲೇ ಕತ್ತು ಚಾಚಿದಳು. ನೇತ್ರಾಣಿಯ ಚಿಕ್ಕ ಪೊದೆಯ ಪ್ರತಿ ಬಾಯಿಯಲ್ಲೂ ಗುಲಾಬಿ ಚುಕ್ಕೆ ಕೂತಿತ್ತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಒಂದು ಚುಕ್ಕೆ ಕಳಚಿ ಮೇಲಕ್ಕೆ ಹೊರಟಿತು. ಇನ್ನೊಂದು. ಆಮೇಲೆ ಕೊಂಬಿಗೆ ಕೊಂಬೇ ಬಿಡತೊಡಗಿತು. ಲಕ್ಷದ್ವೀಪದ ಹವಳಗಳು ಮೊದಲು ಸುಮ್ಮನಿದ್ದವು. ತುಸು ತಡವಾಗಿ ಅವುಗಳಲ್ಲಿ ಎರಡು ಬಿಟ್ಟವು, ನಂತರ ಬಹುತೇಕ ಎಲ್ಲವೂ. ಮೂಲೆಯಲ್ಲಿದ್ದ ಒಂದು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಅದಕ್ಕೆ ಏನಾಗಿತ್ತೋ ಇವತ್ತಿಗೂ ಗೊತ್ತಿಲ್ಲ.

ತಾಂಡೇಲರು ಗಾಜಿಗೆ ಎರಡೂ ಕೈ ಊರಿ ನಿಂತಿದ್ದರು. ಶಿವಗಂಗವ್ವ ಅವರ ಕಡೆ ನೋಡಿ, ಸೆರಗಿನಿಂದ ತನ್ನ ಕನ್ನಡಕ ಒರೆಸಿಕೊಂಡು, ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟಳು.

"ಸರ್, ಬೋಗುಣಿ," ಎಂದು ನೀಲಾ ನೆನಪಿಸಿದಳು. ತತ್ತಿಗಳನ್ನು ಮೇಲ್ಮೈಯಿಂದ ಬಾಚಿ ಬೋಗುಣಿಗಳಿಗೆ ತುಂಬಿಕೊಂಡರು. ಉಳಿದವು ನೀರಿನಲ್ಲಿ ಕೊಳೆತರೆ ತೊಟ್ಟಿಯೇ ಹೋಗುತ್ತದೆ. ತುಂಬಿಕೊಂಡ ಕೂಡಲೇ ಅವಳು ಕವಾಟ ತೆರೆದಳು. ನೊರೆಕಂಬ ಗುಲಾಬಿ ಬಣ್ಣದ ನೊರೆ ಉಕ್ಕಿಸಿತು. ಮೀಟರು ಮೆಲ್ಲಗೆ ಮೇಲೇರಿತು. ಆಗ ಅವಳು ನೆಲದ ಮೇಲೆ ಕೂತಳು.

ತತ್ತಿಗಳಿಂದ ಮರಿಗಳಾದವು. ಕಣ್ಣಿಗೆ ಕಂಡೂ ಕಾಣದಂಥ ಅವು ಕೆಲವು ದಿನ ಈಜಾಡಿ, ಬೋಗುಣಿಯಲ್ಲಿಟ್ಟಿದ್ದ ಹೆಂಚಿನ ಬಿಲ್ಲೆಗಳ ಮೇಲೆ ಕೂತವು. ಬಹಳಷ್ಟು ಸತ್ತವು. ಉಳಿದವುಗಳನ್ನು ಬಿಸಿನೀರಿನಲ್ಲಿಟ್ಟು ನೋಡಿದರು. ಅದರಲ್ಲೂ ಬಹಳ ಸತ್ತವು. ಆದರೆ ಕೆಲವು ಸಾಯಲಿಲ್ಲ, ಬೆಳ್ಳಗಾಗಲೂ ಇಲ್ಲ. ವರ್ಷ ಕಳೆಯುವಷ್ಟರಲ್ಲಿ ಅವು ಬಟಾಣಿಯಷ್ಟು ದಪ್ಪವಾದವು.

ಮರುವರ್ಷದ ಮಾರ್ಚಿನಲ್ಲಿ, ಹುಣ್ಣಿಮೆ ಕಳೆದ ಮೇಲೆ, ಕಡಲು ಶಾಂತವಾಗಿದ್ದ ಒಂದು ಬೆಳಿಗ್ಗೆ, ಆ ಬಿಲ್ಲೆಗಳನ್ನು ದೋಣಿಯಲ್ಲಿ ನೇತ್ರಾಣಿಗೆ ಒಯ್ದರು. ನೀಲಾ ಮೊದಲ ಸಲ ಸಮುದ್ರ ನೋಡಿದಳು. ದೋಣಿ ಹೊರಟ ಸ್ವಲ್ಪ ಹೊತ್ತಿಗೇ ವಾಂತಿ ಮಾಡಿಕೊಂಡಳು. ಸುಧಾರಿಸಿಕೊಂಡ ಮೇಲೆ ಕೈ ಇಳಿಬಿಟ್ಟು ನೀರು ಎತ್ತಿ ನಾಲಿಗೆಗೆ ಹಚ್ಚಿಕೊಂಡಳು.

"ನಮ್ಮ ನೀರಿನ ಹಂಗ ಐತ್ರಿ," ಎಂದಳು. ತಾಂಡೇಲರು ನಗು ತಡೆಯಲಾರದೆ ಹೋದರು.

ಮುಳುಗುವುದನ್ನು ಕಲಿತಿದ್ದ ಕೇಂದ್ರದ ಹುಡುಗರಿಬ್ಬರು ಬಿಲ್ಲೆಗಳೊಂದಿಗೆ ಮುಳುಗಿದರು. ಕೆಳಗೆ ಬರೀ ಬೂದುಬಣ್ಣದ ಸತ್ತ ಕೊಂಬುಗಳು, ಅವುಗಳ ನಡುವೆ ಒಂದೊಂದಾಗಿ ಬಿಲ್ಲೆ ಅಂಟಿಸುತ್ತಿದ್ದೇವೆ ಎಂದು ಮೇಲೆ ಬಂದು ಹೇಳಿದರು. ಮುಳುಗಲು ವೈದ್ಯರ ಅನುಮತಿಯಿಲ್ಲದ ತಾಂಡೇಲರು ದೋಣಿಯಂಚಿನಲ್ಲಿ ಕೂತು ಕೇಳಿದರು. ನೀಲಾ ನೀರು ನೋಡುತ್ತಿದ್ದಳು. ಬಂಡೆಗೆ ಅಲೆ ಬಡಿಯುವ ಕಡೆಯಿಂದ ನೊರೆಯ ಒಂದು ಪಟ್ಟಿ ತೇಲಿ ಬಂದು ದೋಣಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಸಮುದ್ರವೂ ನೊರೆ ತೆಗೆಯುತ್ತದೆಂದು ಅವಳು ಓದಿದ್ದಳು. ಅದರಲ್ಲಿ ಏನಿರುತ್ತದೋ ನೋಡೋಣವೆಂದು ಒಂದು ಬಾಟಲಿ ತುಂಬಿಕೊಂಡಳು.

ಗದಗಿಗೆ ಬಂದು ಅದನ್ನು ನೀರಿನಲ್ಲಿರುವ ವಸ್ತುಗಳನ್ನು ಗುರುತಿಸುವ ಯಂತ್ರಕ್ಕೆ ಹಾಕಿದಾಗ ಪರದೆಯ ಗೆರೆಯ ಮೇಲೆ, ಒಂದೊಂದು ವಸ್ತುವಿಗೆ ಒಂದೊಂದರಂತೆ, ಹಲವು ಏಣುಗಳು ಎದ್ದವು. ಅವುಗಳಲ್ಲಿ ಒಂದನ್ನು ನೋಡಿ ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. ಬಾಟಲಿಯದೇ ದೋಷವಿರಬಹುದೆಂದು, ಅಂಥದೇ ಖಾಲಿ ಬಾಟಲಿಯಲ್ಲಿ ಶುದ್ಧ ನೀರು ಹಾಕಿ ಪರೀಕ್ಷಿಸಿದಳು. ಅದರಲ್ಲಿ ಏನೂ ಇರಲಿಲ್ಲ. ನೊರೆಯನ್ನು ಮತ್ತೆ ಹಾಕಿದಳು. ಮತ್ತೆ ಅದೇ ಏಣು ಎದ್ದಿತು. ಸಣ್ಣದು, ಆದರೆ ಅದೇ ಜಾಗದಲ್ಲಿ.

ತಾಂಡೇಲರು ಬಂದು ನೋಡಿದರು.

"ಕರೆ," ಎಂದರು. "ನಮ್ಮ ಬಿಲ್ಲೆಗಳದ್ದಾ?"

"ಅಲ್ಲರಿ. ಅವು ಇನ್ನೂ ಕೂಸು. ಕರೆ ಬಿಡಾಕ ಇನ್ನೂ ಮೂರು ನಾಕ ವರ್ಷ ಬೇಕು, ನೀವ ಹೇಳೀರಲ್ಲ."

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನೇತ್ರಾಣಿಯ ಹವಳ ಪೂರ್ತಿ ಸತ್ತಿದೆ ಎಂದು ವರದಿ ಬರೆದು ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಹಾಗಿದ್ದರೆ ಬಲಿತ ಹವಳ, ತತ್ತಿ ತುಂಬಿಕೊಂಡ ಹವಳ, ಅಲ್ಲಿ ಎಲ್ಲೋ ಇದೆ. ಯಾರೂ ಮುಳುಗಿ ನೋಡದ ಕಡೆ, ಬಹುಶಃ ಆಳದಲ್ಲಿ, ತಣ್ಣಗಿನ ನೀರಿನಲ್ಲಿ. ಇಷ್ಟು ವರ್ಷ ಬದುಕಿಕೊಂಡು ಬಂದಿದೆ.

"ನೊರೆ ಯಾವ ಕಡೆಯಿಂದ ಬರ್ತಾ ಇತ್ತು ನೀಲಾ?"

ನೀಲಾ ಕಣ್ಣು ಮುಚ್ಚಿ, ದೋಣಿಯಲ್ಲಿ ತಾನು ಕೂತಿದ್ದ ದಿಕ್ಕನ್ನು ನೆನಪು ಮಾಡಿಕೊಂಡಳು. ಬಿಸಿಲು ಅವಳ ಎಡಗೆನ್ನೆಗೆ ಬೀಳುತ್ತಿತ್ತು. ಬೆಳಗಿನ ಬಿಸಿಲು. ನೊರೆ ಎದುರಿನಿಂದ ಬರುತ್ತಿತ್ತು.

"ದಕ್ಷಿಣದಿಂದರಿ. ದೊಡ್ಡ ಬಂಡೆ ಐತಲ್ಲ, ಅದರ ಆಚೀಕಡಿಯಿಂದ."

"ಬಂಡೆಯ ಆಚೆ ತುಂಬ ಆಳ. ನಾವು ಯಾರೂ ಅಲ್ಲಿ ಇಳಿದಿಲ್ಲ," ಎಂದರು ತಾಂಡೇಲರು. ಹೇಳುತ್ತಲೇ ದೋಣಿಯವನಿಗೆ ಫೋನು ಹಚ್ಚಿದರು.